ಜೇಬಿನ ಚಾಕುವಿಗೆ ಕಾನೂನಿನ ಅಳತೆ

ಮೈಸೂರಿನ ಹಿನಕಲ್‌ನಲ್ಲಿ ಹುಣಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಆಸುಪಾಸಿನಲ್ಲಿ ಎಳನೀರಿನ ಗಾಡಿಗಳು ನಿಲ್ಲುತ್ತವೆ. ಮಾರುವವರ ಕೈಯ ಮಚ್ಚಿಗೆ ಗೇಣು ಮೀರಿದ ಅಲಗು, ಎರಡು ಇಂಚಿಗೂ ಹೆಚ್ಚು ಅಗಲ. ನಾಲ್ಕೇಟಿಗೆ ಕಾಯಿಯ ತಲೆ ಹಾರುತ್ತದೆ. ಶಾಲೆ ಬಿಟ್ಟು ಬಂದ ಮಗು ಮಾರು ದೂರದಲ್ಲಿ ನಿಂತು ಗಂಜಿಗೆ ಕಾಯುತ್ತದೆ. ಯಾರಿಗೂ ಅಳುಕಿಲ್ಲ, ಅಳುಕಬೇಕಾದ ಕಾರಣವೂ ಇಲ್ಲ. ಆದರೆ ಅದೇ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರಿಂಚು ಅಲಗಿನ ಮಡಚುವ ಚಾಕುವನ್ನು ಕೈಗೆತ್ತಿಕೊಂಡ ಗಿರಾಕಿಗೆ ಬೆಲೆಗಿಂತ ಮೊದಲು ಇನ್ನೊಂದು ಪ್ರಶ್ನೆ ಏಳುತ್ತದೆ: ಇದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದರೆ ಪೊಲೀಸರು ಹಿಡಿಯುವುದಿಲ್ಲವೇ?

ಪ್ರಶ್ನೆ ನ್ಯಾಯವಾದದ್ದೇ. ಉತ್ತರಗಳು ಮಾತ್ರ ಬಾಯಿಗೊಂದರಂತೆ ಸಿಗುತ್ತವೆ. ಒಬ್ಬರು ಆರು ಇಂಚಿನವರೆಗೆ ಪರವಾಗಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಮೂರಿಂಚು ದಾಟಿದರೆ ಕೇಸು ಎನ್ನುತ್ತಾರೆ. ಮತ್ತೊಬ್ಬರು, ಚಾಕು ಅಂತ ಒಂದು ಜೇಬಿನಲ್ಲಿ ಇದ್ದರೆ ಮುಗಿಯಿತು, ಸ್ಟೇಷನ್ನಿಗೇ ದಾರಿ ಎಂದು ಹೆದರಿಸುತ್ತಾರೆ. ಕರ್ನಾಟಕದಲ್ಲಿ ಜಾರಿಯಲ್ಲಿರುವ ಕಾನೂನು ಈ ಮೂರರಲ್ಲಿ ಯಾವುದನ್ನೂ ಹೇಳುವುದಿಲ್ಲ. ಅದು ಹೇಳುವುದನ್ನು ಸರಿಯಾಗಿ ತಿಳಿದುಕೊಂಡರೆ ಎಂಥ ಚಾಕು ಕೊಳ್ಳಬೇಕೆಂಬುದು ತಾನೇ ಸ್ಪಷ್ಟವಾಗುತ್ತದೆ. ಅದರ ಜೊತೆಗೆ, ಆ ಕಾನೂನು ಜನಸಾಮಾನ್ಯರಿಗೆ ಎಷ್ಟು ಅಸ್ಪಷ್ಟವಾಗಿ ಉಳಿದಿದೆ ಎಂಬುದೂ ಕಾಣುತ್ತದೆ. ನನಗೆ ಈ ಎರಡನೆಯದೇ ಹೆಚ್ಚು ಗಂಭೀರವಾದ ಸಂಗತಿ.

ಮೂಲ ಕಾಯ್ದೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಅದಕ್ಕೆ ಮೊದಲು ಇದ್ದದ್ದು ವೈಸ್‌ರಾಯ್ ಲಿಟ್ಟನ್ ಕಾಲದ 1878ರ ಕಾಯ್ದೆ. 1857ರ ನೆನಪು ಇನ್ನೂ ಮಾಸದಿದ್ದ ಆಳರಸರು ಪ್ರಜೆಗಳ ಕೈಯಿಂದ ಆಯುಧ ಕಿತ್ತುಕೊಳ್ಳುವುದಕ್ಕೆ ಬರೆದ ಶಾಸನ ಅದು. ಸ್ವತಂತ್ರ ಭಾರತದ ಕಾಯ್ದೆ ಆ ಧೋರಣೆಯನ್ನು ಸಾಕಷ್ಟು ಸಡಿಲಿಸಿತು. ಬಂದೂಕಿಗೆ ದೇಶವೆಲ್ಲ ಪರವಾನಗಿ ಬೇಕು ಎಂದಿತು. ಕತ್ತಿ ಕಠಾರಿಗಳಂಥ ಹರಿತ ಆಯುಧಗಳಿಗೆ, 4ನೆಯ ಕಲಂನ ಪ್ರಕಾರ, ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿ ಹೆಸರಿಸಿದ ಪ್ರದೇಶದಲ್ಲಿ, ಹೆಸರಿಸಿದ ಬಗೆಯ ಆಯುಧಕ್ಕೆ ಮಾತ್ರ ಪರವಾನಗಿ ಎಂದಿತು. ಊರಿಂದ ಊರಿಗೆ ನಿಯಮ ಬದಲಾಗುವುದು ಇಲ್ಲಿಂದಲೇ. 2016ರಲ್ಲಿ ಹೊಸದಾಗಿ ಬಂದ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಐದನೆಯ ವರ್ಗ ಅಂತ ಒಂದಿದೆ. ಕತ್ತಿ, ಬಾಕು, ಈಟಿ ಮುಂತಾದವುಗಳ ಜೊತೆಗೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕುಗಳೂ ಅದರಲ್ಲಿ ಸೇರಿವೆ. ಗೃಹಬಳಕೆ, ಕೃಷಿ, ವೈಜ್ಞಾನಿಕ ಅಥವಾ ಕೈಗಾರಿಕಾ ಉದ್ದೇಶಕ್ಕೆ ರೂಪಿಸಿದವು ಆ ಪಟ್ಟಿಯಿಂದ ಹೊರಗೆ. ಹಿನಕಲ್‌ನ ಎಳನೀರು ಮಚ್ಚು ಅಳತೆಯಲ್ಲಿ ಗೆರೆ ದಾಟಿದರೂ ಅದನ್ನು ಕಾಪಾಡುವುದು ಈ ಕೊನೆಯ ಮಾತು.

9 ಇಂಚಿನ ಈ ಗೆರೆಯನ್ನು ಓದಿದವರು ತಟ್ಟನೆ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಎಂಟೂವರೆ ಇಂಚಿನ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೂ ಕಾನೂನು ತಮ್ಮ ಕಡೆಗಿದೆ ಎಂದು ಅಂತರ್ಜಾಲದಲ್ಲಿ ಧೈರ್ಯವಾಗಿ ಬರೆಯುತ್ತಾರೆ. ಹಾಗಿಲ್ಲ. ಆ ಅಳತೆ ಪರವಾನಗಿಯ ವರ್ಗೀಕರಣಕ್ಕೆ ಸೇರಿದ್ದು. ಒಂದು ವಸ್ತು ಆಯುಧವೋ ಅಲ್ಲವೋ ಎಂಬುದನ್ನು ಕಾಯ್ದೆಯ 2ನೆಯ ಕಲಂ ಬೇರೆಯೇ ರೀತಿಯಲ್ಲಿ ನಿರ್ಧರಿಸುತ್ತದೆ: ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ಆಯುಧವಾಗಿ ರೂಪಿಸಿದ ಅಥವಾ ಹಾಗೆ ಮಾರ್ಪಡಿಸಿದ ಯಾವ ವಸ್ತುವೂ ಆಯುಧವೇ. ಬರೀ ಮನೆಬಳಕೆಗೆ, ಬೇಸಾಯಕ್ಕೆ ಮಾಡಿದ್ದು ಆಯುಧವಲ್ಲ. ಲಾಠಿಯನ್ನೂ ಊರುಗೋಲನ್ನೂ ಕಾಯ್ದೆ ಹೆಸರು ಹೇಳಿಯೇ ಬಿಟ್ಟುಕೊಟ್ಟಿದೆ.

ಇಲ್ಲಿ ‘ರಕ್ಷಣೆಗಾಗಲಿ’ ಎಂದಿರುವುದನ್ನು ಚಾಕು ಕೊಳ್ಳುವವರೆಲ್ಲ ಗಮನಿಸಬೇಕು. ಯಾರ ಮೇಲೂ ಏರಿಹೋಗಲು ಅಲ್ಲ, ಆತ್ಮರಕ್ಷಣೆಗೆ ಅಂತ ಇಟ್ಟುಕೊಂಡಿದ್ದೇನೆ ಎಂದರೆ ತಪ್ಪಿಸಿಕೊಳ್ಳಬಹುದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಈ ವ್ಯಾಖ್ಯೆಯ ಮುಂದೆ ಆ ಮಾತು ರಕ್ಷಣೆಯ ಬದಲು ತಪ್ಪೊಪ್ಪಿಗೆಯಂತೆ ನಿಲ್ಲುತ್ತದೆ, ಏಕೆಂದರೆ ವಸ್ತುವನ್ನು ಆಯುಧವಾಗಿಯೇ ಹೊತ್ತಿದ್ದೇನೆ ಎಂದು ಹೇಳಿದಂತಾಯಿತು. ಆನ್‌ಲೈನ್ ಮಳಿಗೆಗಳಲ್ಲಿ ಕಪ್ಪು ಬಣ್ಣ ಬಳಿದು, ಗರಗಸದ ಹಲ್ಲು ಕೊರೆದು, ‘ಟ್ಯಾಕ್ಟಿಕಲ್’ ಎಂದೋ ‘ಸೆಲ್ಫ್ ಡಿಫೆನ್ಸ್’ ಎಂದೋ ಹೆಸರಿಟ್ಟು ಮಾರುವ ಮಡಚುವ ಚಾಕುಗಳಿವೆ. ಅವುಗಳ ಅಲಗು ಮೂರೂವರೆ ಇಂಚೇ ಇರಬಹುದು. ಆದರೆ ಉದ್ದೇಶ ಏನೆಂಬುದನ್ನು ಮಾರುವವನೇ ಬರೆದುಕೊಟ್ಟಿರುತ್ತಾನೆ, ಕೊಂಡ ರಸೀದಿ ಗಿರಾಕಿಯ ಮೊಬೈಲಿನಲ್ಲೇ ಇರುತ್ತದೆ. ಹಣ್ಣು ಹೆಚ್ಚಲು ತಂದೆ ಎಂದು ಆಮೇಲೆ ಹೇಳಿದರೆ ಯಾರು ನಂಬಬೇಕು?

ಇದರ ಮೇಲೆ ರಾಜ್ಯದ ಕಾನೂನು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 35ನೆಯ ಕಲಂ ಪ್ರಕಾರ, ಶಾಂತಿ ಕದಡುವ ಸಂಭವವಿದ್ದಾಗ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಕತ್ತಿ, ಈಟಿ, ಚಾಕು, ದೊಣ್ಣೆ ಮಾತ್ರವಲ್ಲ, ಹೊಡೆದಾಟಕ್ಕೆ ಒದಗುವ ಯಾವುದೇ ವಸ್ತುವನ್ನು ಒಯ್ಯುವುದನ್ನು ನಿಷೇಧಿಸಬಹುದು. ಹಿಂದೆ 144 ಎನ್ನುತ್ತಿದ್ದ ನಿಷೇಧಾಜ್ಞೆಯೂ ಇದೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಂ. ಅಂಥ ಆಜ್ಞೆ ಹೊರಟ ದಿನ ನಿನ್ನೆಯವರೆಗೆ ಜೇಬಿನಲ್ಲಿ ನಿರಪಾಯವಾಗಿದ್ದ ಚಾಕು ಇವತ್ತು ಅಪರಾಧವಾಗಬಹುದು. ಇನ್ನು ಅದೇ ಪೊಲೀಸ್ ಕಾಯ್ದೆಯ 96ನೆಯ ಕಲಂ ಸೂರ್ಯ ಮುಳುಗಿ ಹುಟ್ಟುವುದರೊಳಗೆ, ಅಪರಾಧದ ಉದ್ದೇಶದಿಂದ ಅಪಾಯಕಾರಿ ಸಲಕರಣೆ ಹಿಡಿದು ಸಿಕ್ಕಿಬಿದ್ದವರನ್ನು ಕುರಿತದ್ದು. ಮಧ್ಯಾಹ್ನ ಗಾಡಿಯ ಮೇಲಿದ್ದ ಮಚ್ಚು ರಾತ್ರಿ ಹನ್ನೊಂದಕ್ಕೆ ಯಾರದೋ ಬೈಕಿನ ಸೀಟಿನಡಿ ಸಿಕ್ಕರೆ ಅದರ ಅರ್ಥವೇ ಬೇರೆಯಾಗುತ್ತದೆ. ವಸ್ತು ಅದೇ, ಉದ್ದ ಅದೇ. ಬದಲಾದದ್ದು ಕೈ, ಹೊತ್ತು, ಕಾರಣ.

ಇದರಲ್ಲಿ ವಿವೇಕವಿದೆ ಎಂದೇ ನನ್ನ ಅಭಿಪ್ರಾಯ. ಬೇಸಾಯದ ನಾಡಿನಲ್ಲಿ ಹರಿತವಾದ ಕಬ್ಬಿಣ ಇಲ್ಲದ ಮನೆಯಿಲ್ಲ. ಅಡುಗೆಮನೆಯ ಈಳಿಗೆಮಣೆ, ಹಿತ್ತಲಿನ ಕುಡುಗೋಲು, ಅಡಕೆ ಹೋಳು ಮಾಡುವ ಅಡಕತ್ತರಿ, ಎಲ್ಲ ಮನೆಮಂದಿಯ ಕೈಗೆ ಸಿಗುವಂತೆಯೇ ಇರುತ್ತವೆ. ಕ್ಷೌರಿಕರ ಹಳೆಯ ಕತ್ತಿ ನಮ್ಮ ಬೀದಿಗಳು ಎಲ್ಲಕ್ಕಿಂತ ಹೆಚ್ಚು ಕಾಲ ನೋಡಿದ ಮಡಚುವ ಅಲಗು. ಅದು ಎಷ್ಟೋ ತಲೆಮಾರಿನ ಕುತ್ತಿಗೆಗಳ ಮೇಲೆ ಓಡಾಡಿದೆ. ನವರಾತ್ರಿಯ ಆಯುಧಪೂಜೆಗೆ ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಲ್ಲಿ ಯಂತ್ರಗಳಿಗೂ ಗರಗಸ ಉಳಿಗಳಿಗೂ ಕುಂಕುಮ ಹಚ್ಚುತ್ತಾರೆ. ಇಂಥ ಸಮಾಜದಲ್ಲಿ ಬರೀ ಅಳತೆಪಟ್ಟಿ ಹಿಡಿದು ಕಾನೂನು ನಡೆಸಿದರೆ ಅರ್ಧ ಊರು ಅಪರಾಧಿಯಾಗುತ್ತದೆ. ಇದೇ ಹಿನಕಲ್‌ನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಸಿಗುವ ಕೊಡಗಿನಲ್ಲಿ ಮದುವೆಯ ಗಂಡು ಕುಪ್ಯ ಎಂಬ ನಿಲುವಂಗಿಯ ಮೇಲೆ ಕಟ್ಟಿದ ಚೇಲೆ ಎಂಬ ನಡುಪಟ್ಟಿಗೆ ಪೀಚೆಕತ್ತಿ ಸಿಕ್ಕಿಸಿಕೊಳ್ಳುತ್ತಾನೆ, ಮದುವೆಯಲ್ಲಿ ಬಾಳೆಯ ದಿಂಡನ್ನು ಒಡಿಕತ್ತಿಯಿಂದ ಕಡಿಯುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್‌ವರೆಗೆ, ವಿಸ್ತರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂವಿಧಾನದ 25ನೆಯ ವಿಧಿಯ ವಿವರಣೆ ಕೃಪಾಣ ಧರಿಸುವುದನ್ನು ಸಿಖ್ ಧರ್ಮಾಚರಣೆಯ ಭಾಗವೆಂದೇ ಒಪ್ಪಿದೆ. ಬೀದರಿನ ನಾನಕ್ ಝೀರಾಕ್ಕೆ ಬರುವ ಭಕ್ತರನ್ನು ಇಲ್ಲಿ ಯಾರೂ ಅದಕ್ಕಾಗಿ ತಡೆಯುವುದಿಲ್ಲ. ಆಯುಧವನ್ನು ನೋಡುವ ನಮ್ಮ ಕಣ್ಣು ಮೊದಲಿನಿಂದಲೂ ಹೊತ್ತವರನ್ನೂ ಸಂದರ್ಭವನ್ನೂ ನೋಡಿಯೇ ತೀರ್ಮಾನಿಸಿದೆ.

ಹಾಗಿದ್ದರೆ ಕೊಳ್ಳುವವರು ಏನು ಮಾಡಬೇಕು? ಕಾನೂನು ಉದ್ದೇಶವನ್ನು ಕೇಳುತ್ತದೆ ಎಂದಾದರೆ, ಉದ್ದೇಶ ನೋಡಿದ ಕೂಡಲೇ ಕಾಣುವಂಥ ಚಾಕುವನ್ನೇ ಕೊಳ್ಳಬೇಕು. ರಾತ್ರಿ ಗಸ್ತಿನ ಕಾನ್‌ಸ್ಟೇಬಲ್ ಟಾರ್ಚಿನ ಬೆಳಕಿನಲ್ಲಿ ಅದನ್ನು ಕೈಗೆ ತೆಗೆದುಕೊಂಡಾಗ, ನೀವು ಬಾಯಿ ಬಿಡುವ ಮೊದಲೇ, ಇದು ಹಣ್ಣು ಹೆಚ್ಚುವ, ದಾರ ಕೊಯ್ಯುವ ಚಾಕು ಎಂದು ಅದೇ ಹೇಳಬೇಕು.

ಅದಕ್ಕೆ ಅಲಗು ಎರಡೂವರೆ ಇಂಚಿನ ಆಸುಪಾಸು, ಹೆಚ್ಚೆಂದರೆ ಮೂರು. ಸೇಬು, ಸೀಬೆ, ಮಾವು, ಪಾರ್ಸೆಲ್ಲಿನ ಟೇಪು, ಗೋಣಿಚೀಲದ ಹುರಿ, ವೈರಿನ ಹೊದಿಕೆ, ಇಷ್ಟಕ್ಕೆ ಅದಕ್ಕಿಂತ ಉದ್ದ ಬೇಡ. ಅಲಗಿನ ಬೆನ್ನು ಎರಡು ಮಿಲಿಮೀಟರು ದಪ್ಪವಿದ್ದರೆ ಸಾಕು. ದಪ್ಪ ಅಲಗು ಹಣ್ಣನ್ನು ಕೊಯ್ಯುವ ಬದಲು ಸೀಳುತ್ತದೆ. ಅಲಗಿನ ಬೆನ್ನಿನ ಹತ್ತಿರ ಉಗುರು ಸಿಕ್ಕಿಸಿ ಎಳೆಯಲು ಒಂದು ಸಣ್ಣ ಕೊರಕಲು ಇರಬೇಕು, ತೆರೆಯಲು ಎರಡೂ ಕೈ ಬೇಕಾಗಬೇಕು. ಗುಂಡಿ ಒತ್ತಿದರೆ ಚಟ್ಟನೆ ಚಿಮ್ಮುವ ಅಲಗು ಬೇಡವೇ ಬೇಡ. ಕೆಲಸದವರಿಗೆ ಅದರಿಂದ ಉಳಿಯುವುದು ಅರ್ಧ ಸೆಕೆಂಡು. ಎರಡೂ ಕೈಯಿಂದ ನಿಧಾನವಾಗಿ ತೆರೆಯಬೇಕಾದ ಚಾಕು ಜಗಳದಲ್ಲಿ ಯಾರಿಗೂ ಉಪಯೋಗಕ್ಕೆ ಬಾರದು, ಹಾಗೆ ಉಪಯೋಗಕ್ಕೆ ಬಾರದಿರುವುದೇ ಅದರ ಯೋಗ್ಯತೆ.

ತುದಿಯ ಆಕಾರವನ್ನು ಕೊಳ್ಳುವವರು ಸಾಮಾನ್ಯವಾಗಿ ನೋಡುವುದೇ ಇಲ್ಲ. ನರ್ಸರಿಗಳಲ್ಲಿ ಕಸಿ ಕಟ್ಟುವವರು ಬಳಸುವ ಚಾಕುವನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಮರದ ಹಿಡಿ, ನೆಟ್ಟಗಿನ ಬಾಯಿ, ಬೆನ್ನು ತುದಿಗೆ ಬರುತ್ತ ಬಾಗಿ ಕೆಳಗಿಳಿದು ಬಾಯಿಯನ್ನು ಸೇರುತ್ತದೆ. ಚೂಪಾದ ಮೊನೆಯೇ ಇಲ್ಲ. ಟೊಂಗೆಯನ್ನು ಓರೆಯಾಗಿ, ಒಂದೇ ಎಳೆತಕ್ಕೆ, ನಾರು ಏಳದಂತೆ ಕೊಯ್ಯುವುದಕ್ಕೆ ಅದನ್ನು ಹಾಗೆ ಮಾಡಿದ್ದಾರೆ. ಕೆಲವಕ್ಕೆ ಹಿಡಿಯ ಹಿಂತುದಿಯಲ್ಲಿ ತೊಗಟೆ ಬಿಡಿಸಲು ಸಣ್ಣದೊಂದು ನಾಲಗೆಯೂ ಇರುತ್ತದೆ. ಚೆನ್ನಾಗಿ ಕೊಯ್ಯುತ್ತದೆ, ಚುಚ್ಚಲು ಬರುವುದಿಲ್ಲ. ಜೇಬಿನ ಚಾಕು ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ. ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಯ ಈ ಸೀಮೆಯಲ್ಲಿ ಬಾಳೆಯ ಕಲೆ, ಹುಣಸೆ ನಿಂಬೆಗಳ ಹುಳಿ ತಪ್ಪಿದ್ದಲ್ಲ. ಆದ್ದರಿಂದ ದಿನಬಳಕೆಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕೇ ವಾಸಿ. ಸಾದಾ ಉಕ್ಕು ಹರಿತಕ್ಕೆ ಬೇಗ ಬರುತ್ತದೆ, ಆದರೆ ಒರೆಸಿ ಎಣ್ಣೆ ಹಚ್ಚುವ ತಾಳ್ಮೆ ಇರುವವರಿಗೆ ಮಾತ್ರ.

ಕೊಳ್ಳುವಾಗ ಅರ್ಧ ತೆರೆದು ಅಲಗನ್ನು ಎಡಬಲಕ್ಕೆ ಅಲುಗಿಸಿ ನೋಡಬೇಕು. ಅಲಗು ತಿರುಗುವ ಮೊಳೆ ಸಡಿಲವಿದ್ದರೆ ಅಂಗಡಿಯಲ್ಲೇ ಬಿಟ್ಟು ಬರಬೇಕು. ಮುಚ್ಚುವಾಗ ಬೆನ್ನಿನ ಸ್ಪ್ರಿಂಗು ಗಟ್ಟಿಯಾಗಿ ಕಚ್ಚಬೇಕು, ಇಲ್ಲವಾದರೆ ಜೇಬಿನಲ್ಲೇ ಬಾಯಿ ತೆರೆದೀತು. ತೆರೆದ ಅಲಗು ಮಡಚದಂತೆ ಹಿಡಿಯುವ ಲಾಕ್ ಬೇಕೇ ಎಂಬ ಬಗ್ಗೆ ಎರಡು ಮಾತಿವೆ. ದಿನವಿಡೀ ಒತ್ತಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ಗೆ ಬೆರಳು ಉಳಿಸುವುದು ಆ ಲಾಕೇ, ಅವರಿಗೆ ಅದು ಇರಲಿ. ಹಣ್ಣು, ಟೇಪು, ದಾರಕ್ಕೆ ಮಾತ್ರ ಬಳಸುವವರಿಗೆ ಲಾಕಿಲ್ಲದ್ದೇ ಸಾಕು. ಸ್ವಿಟ್ಜರ್ಲೆಂಡಿನ ಇಬಾಖ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಶುರುಮಾಡಿದ ಕಾರ್ಖಾನೆ 1897ರಲ್ಲಿ ಅಧಿಕಾರಿಗಳ ಚಾಕು ಎಂದು ನೋಂದಾಯಿಸಿದ ಮಾದರಿ ಇವತ್ತಿಗೂ ವಿಕ್ಟೋರಿನಾಕ್ಸ್ ಹೆಸರಿನಲ್ಲಿ ಜಗತ್ತಿನ ಜೇಬುಗಳಲ್ಲಿದೆ. ಅದರ ಸಾಮಾನ್ಯ ಗಾತ್ರ ಮಡಚಿದಾಗ 91 ಮಿಲಿಮೀಟರು, ದೊಡ್ಡ ಅಲಗಿಗೆ ಲಾಕಿಲ್ಲ, ಪಕ್ಕದಲ್ಲಿ ಬಿರಡೆ ತೆಗೆಯುವ ಸುರುಳಿ, ಸ್ಕ್ರೂಡ್ರೈವರು. ಕೆಂಪು ಹಿಡಿಯ ಆ ವಸ್ತುವನ್ನು ನೋಡಿ ಯಾರೂ ಬೆಚ್ಚಿಬೀಳದಿರುವುದಕ್ಕೆ ಕಾರಣ ಅದು ಉಪಕರಣ ಎಂಬುದು ಮೈತುಂಬ ಬರೆದಿರುವುದು. ಬೆಲೆ ಹೆಚ್ಚಾಯಿತು ಎನ್ನುವವರಿಗೆ ಹಾರ್ಡ್‌ವೇರ್ ಅಂಗಡಿಯ ಮರದ ಹಿಡಿಯ ಚಾಕುವೇ ಸಾಕು, ಸಾಣೆ ಹಿಡಿಸಿದರೆ ಅದೂ ವರ್ಷಗಟ್ಟಲೆ ಬಾಳುತ್ತದೆ.

ಕೊಂಡ ಮೇಲೆ ಎಲ್ಲೆಲ್ಲಿ ಒಯ್ಯಬಾರದು ಎಂಬುದನ್ನೂ ತಿಳಿದಿರಬೇಕು. ಮೈಸೂರಿನ ಮಂಡಕಳ್ಳಿಯಿಂದಾಗಲಿ ಬೆಂಗಳೂರಿನಿಂದಾಗಲಿ ವಿಮಾನ ಹತ್ತುವವರು ಚಾಕುವನ್ನು ಕೈಚೀಲದಲ್ಲಿ ಇಡದೆ ಚೆಕ್‌-ಇನ್ ಲಗೇಜಿಗೆ ಹಾಕಬೇಕು. ನ್ಯಾಯಾಲಯ, ಪರೀಕ್ಷಾ ಕೇಂದ್ರ, ಮತಗಟ್ಟೆ, ರಾಜಕೀಯ ಸಭೆ, ಮೆರವಣಿಗೆ, ಇಲ್ಲೆಲ್ಲ ಅದು ಮನೆಯಲ್ಲೇ ಇರಲಿ. ಬಾರಿಗೆ ಹೋಗುವಾಗಲಂತೂ ಕಡ್ಡಾಯವಾಗಿ. ಮಾತಿಗೆ ಮಾತು ಬೆಳೆದು ಬರೀ ಕೈಯಲ್ಲಿ ಗಾಯಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 115ನೆಯ ಕಲಂನಲ್ಲಿ ಒಂದು ವರ್ಷದವರೆಗೆ ಶಿಕ್ಷೆ. ಅದೇ ಗಾಯ ಚಾಕುವಿನಿಂದ ಆದರೆ 118ನೆಯ ಕಲಂ, ಮೂರು ವರ್ಷದವರೆಗೆ. ಗಾಯ ತೀವ್ರವಾದರೆ ಅದಕ್ಕೂ ಹೆಚ್ಚು.

ಊರು ಬಿಟ್ಟು ಊರಿಗೆ ಹೋಗುವವರ ಪಾಡು ಇನ್ನೊಂದು. ದೆಹಲಿಯಲ್ಲಿ ಗುಂಡಿ, ಸ್ಪ್ರಿಂಗು ಮುಂತಾದ ಯಾಂತ್ರಿಕ ಸಾಧನದಿಂದ ತೆರೆಯುವ ಚಾಕುಗಳ ಬಗ್ಗೆ 1979ರಲ್ಲೇ ಅಧಿಸೂಚನೆ ಬಂದಿದೆ: ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ಅದು ನಿರ್ಬಂಧದೊಳಗೆ. ನಮ್ಮ ಸಿನಿಮಾ ಖಳರ ಕೈಯಲ್ಲಿ ಮೆರೆದ ರಾಂಪುರಿ ಚಾಕುವಿನ ತವರು ಉತ್ತರ ಪ್ರದೇಶದ ರಾಂಪುರ. ಉದ್ದ ಅಲಗಿನ ಆ ಚಾಕುಗಳ ಮೇಲೆ ಅಲ್ಲಿನ ಸರ್ಕಾರ ನಿರ್ಬಂಧ ಹೇರಿದ ಮೇಲೆ ಅದನ್ನೇ ನಂಬಿದ್ದ ಕುಶಲಕರ್ಮಿಗಳ ಬೀದಿಯೇ ಸೊರಗಿತು. ಈಗ ಆ ಊರು ತನ್ನ ವೃತ್ತವೊಂದರಲ್ಲಿ ಇಪ್ಪತ್ತಡಿ ಉದ್ದದ ಚಾಕುವಿನ ಸ್ಮಾರಕ ನಿಲ್ಲಿಸಿಕೊಂಡಿದೆ. ಇಂಗ್ಲೆಂಡಿನಲ್ಲಿ ಓದುವುದಕ್ಕೆ ಹೊರಟ ಮಗನಿಗೋ ಮಗಳಿಗೋ ಚಾಕು ಉಡುಗೊರೆ ಕೊಡುವವರು ಅಲ್ಲಿನ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯನ್ನು ತಿಳಿದಿರಬೇಕು. ಕೊಯ್ಯುವ ಬಾಯಿ ಮೂರಿಂಚು ಮೀರದ ಮಡಚುವ ಚಾಕುವನ್ನು ಸಾರ್ವಜನಿಕ ಸ್ಥಳದಲ್ಲಿ ಕಾರಣ ಕೊಡದೆ ಒಯ್ಯಬಹುದು. ಆದರೆ ಲಾಕ್ ಇದ್ದರೆ ಅದನ್ನು ಮಡಚುವ ಚಾಕು ಎಂದು ಪರಿಗಣಿಸಲಾಗದು ಎಂದು ಅಲ್ಲಿನ ನ್ಯಾಯಾಲಯ ತೀರ್ಮಾನಿಸಿದೆ. ನಮ್ಮೂರಲ್ಲಿ ಯಾರೋ ಹೇಳುವ ‘ಮೂರಿಂಚು’ ಬಹುಶಃ ಇಂಥ ಕಡೆಯಿಂದಲೇ ತೇಲಿ ಬಂದದ್ದು.

ಅಂಥ ಗೆರೆಯೊಂದು ಇಲ್ಲಿಯೂ ಬೇಕು ಎಂಬುದು ನನ್ನ ವಾದ. ಇದಕ್ಕೆ ಬಲವಾದ ಆಕ್ಷೇಪಣೆ ಇದೆ, ಅದನ್ನು ಎದುರಿಸಲೇಬೇಕು. ಮೂರಿಂಚಿನ ಅಲಗೂ ಹೃದಯ ಮುಟ್ಟಬಲ್ಲದು. ಉದ್ದಕ್ಕೂ ಅಪಾಯಕ್ಕೂ ನೇರ ಸಂಬಂಧವಿಲ್ಲ. ಗೆರೆ ಎಳೆದರೆ ಪುಂಡರು ಗೆರೆಯೊಳಗಿನ ಚಾಕುವನ್ನೇ ಹಿಡಿದು ಓಡಾಡುತ್ತಾರೆ, ಆಗ ಪೊಲೀಸರ ಕೈ ಕಟ್ಟಿದಂತಾಗುತ್ತದೆ ಎನ್ನುತ್ತಾರೆ. ಮೊದಲ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಗೆರೆಯೊಳಗಿನ ಚಾಕುವನ್ನು ಯಾರಿಗಾದರೂ ತೋರಿಸಿ ಬೆದರಿಸಿದರೆ, ರಾತ್ರಿ ಕನ್ನ ಹಾಕಲು ಹೊಂಚುತ್ತ ಹಿಡಿದಿದ್ದರೆ, ಈಗಿರುವ ಯಾವ ಕಲಮೂ ಸಡಿಲವಾಗುವುದಿಲ್ಲ. ಆಗ ಅಪರಾಧ ಇರುವುದು ನಡವಳಿಕೆಯಲ್ಲಿ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಹೆಸರಾಂತ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಿ ಬಂಧನವಾಯಿತು. ಎಳನೀರು ಗಾಡಿಯ ಮಚ್ಚನ್ನು ಬಿಟ್ಟು ರೀಲ್ಸ್‌ನ ಮಚ್ಚನ್ನು ಹಿಡಿಯಲು ಕಾನೂನಿಗೆ ತೊಡಕಾಗಲಿಲ್ಲ. 1995ರ ‘ಓಂ’ ಸಿನಿಮಾದ ನಂತರ ಲಾಂಗು ಹಿಡಿದ ನಾಯಕನಿಗೆ ಶಿಳ್ಳೆ ಹೊಡೆದು ಬೆಳೆದ ತಲೆಮಾರುಗಳಿಗೆ ಆ ವ್ಯತ್ಯಾಸವನ್ನು ಯಾರಾದರೂ ಹೇಳಿಕೊಡುವುದು ಅಗತ್ಯವೂ ಆಗಿತ್ತು.

ನನ್ನ ಚಿಂತೆ ಇನ್ನೊಂದು ತುದಿಯದು. ನಿಯಮ ಎಲ್ಲಿಯೂ ಸರಳವಾಗಿ ಬರೆದಿಲ್ಲದಾಗ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಹೆಬ್ಬಾಳದ ಐಟಿ ಕ್ಯಾಂಪಸ್ಸಿನಿಂದ ಕಾರಿನಲ್ಲಿ ಮನೆಗೆ ಹೋಗುವವರ ಬ್ಯಾಗಿನಲ್ಲಿ ಸ್ವಿಸ್ ಚಾಕು ಸಿಕ್ಕರೆ, ಏನು ಸಾರ್ ಇದು ಎಂಬ ಒಂದು ಪ್ರಶ್ನೆ ಬಂದೀತು, ಒಂದು ಉತ್ತರಕ್ಕೆ ಮುಗಿದೀತು. ರಾತ್ರಿ ಪಾಳಿ ಮುಗಿಸಿ ಹೂಟಗಳ್ಳಿಯಿಂದ ಸೈಕಲ್ಲಿನಲ್ಲಿ ಬರುವ ಗುತ್ತಿಗೆ ಕಾರ್ಮಿಕನಿಗೆ, ಕನ್ನಡ ಬಾರದ ಕಟ್ಟಡ ಕೂಲಿಗೆ, ಬೆಳಗಿನ ಜಾವ ಹೂವು ಸೊಪ್ಪು ಹೊತ್ತು ಮಾರುಕಟ್ಟೆಗೆ ಹೊರಟವರಿಗೆ ಅದೇ ಉತ್ತರ ಸಾಕಾಗುತ್ತದೆಯೇ? ಅವರ ಜೇಬಿನ ಚಾಕು ಅನ್ನದ ಸಲಕರಣೆ. ಅದು ಸಲಕರಣೆಯೋ ಆಯುಧವೋ ಎಂದು ಆ ಹೊತ್ತಿನಲ್ಲಿ ತೀರ್ಮಾನಿಸುವವರು ನ್ಯಾಯಾಧೀಶರಲ್ಲ, ರಸ್ತೆಯಲ್ಲಿ ನಿಂತಿರುವ ಒಬ್ಬ ಸಿಬ್ಬಂದಿ. ಅವರೂ ದಣಿದಿರುತ್ತಾರೆ, ಅವರಿಗೂ ಯಾರೂ ಒಂದು ಅಳತೆ ಹೇಳಿಕೊಟ್ಟಿಲ್ಲ. ನ್ಯಾಯಾಲಯದಲ್ಲಿ ಕೊನೆಗೆ ಖುಲಾಸೆಯಾಗಬಹುದು. ಅಷ್ಟರಲ್ಲಿ ಹೋದ ಕೂಲಿ, ವಕೀಲರ ಫೀಸು, ಊರಲ್ಲಿ ಹರಡಿದ ಮಾತು ಯಾವುದೂ ಹಿಂದಕ್ಕೆ ಬರುವುದಿಲ್ಲ.

ಬ್ರಿಟನ್ನಿನ ಕಾನೂನನ್ನು ಇಡಿಯಾಗಿ ತರಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಗೆರೆಯ ಆಚೆಗಿನ ಪ್ರತಿ ಚಾಕುವಿಗೂ ಸಕಾರಣವನ್ನು ಹೊತ್ತವರೇ ತೋರಿಸಬೇಕು. ಆ ಹೊರೆಯನ್ನು ನಮ್ಮ ರೈತನ ಮೇಲೆ, ಎಳನೀರಿನವರ ಮೇಲೆ, ಕಾಯಿ ಸುಲಿಯುವವರ ಮೇಲೆ ಹೇರುವುದು ಅನ್ಯಾಯ. ನಮ್ಮ 1959ರ ಕಾಯ್ದೆ ಬೇಸಾಯಕ್ಕೂ ಮನೆಗೂ ಕೊಟ್ಟಿರುವ ವಿನಾಯಿತಿ ಅದಕ್ಕಿಂತ ದೊಡ್ಡ ಮನಸ್ಸಿನದು, ಅದು ಹಾಗೇ ಉಳಿಯಬೇಕು. ತರಬೇಕಾದದ್ದು ಒಂದೇ ಅಂಶ, ನಿರ್ಭಯದ ಒಂದು ಕನಿಷ್ಠ ವಲಯ. ಅಲಗು ಮೂರಿಂಚಿನೊಳಗಿದ್ದು, ಕೈಯಿಂದ ಬಿಡಿಸಿ ತೆರೆಯುವ, ಗುಂಡಿಯಿಲ್ಲದ ಮಡಚುವ ಚಾಕುವನ್ನು, ಬೇರೆ ಅನುಮಾನಕ್ಕೆ ಕಾರಣವಿಲ್ಲದಿದ್ದರೆ, ಸಲಕರಣೆ ಎಂದೇ ಪರಿಗಣಿಸತಕ್ಕದ್ದು ಎಂದು ಒಂದು ವಾಕ್ಯ ಸಾಕು. ನಿಷೇಧಾಜ್ಞೆ ಇರುವ ದಿನ ಅದೂ ಅನ್ವಯಿಸದು ಎಂದು ಇನ್ನೊಂದು ವಾಕ್ಯ. ಅಳತೆ ಬರೆಯುವುದು ಸರ್ಕಾರಗಳಿಗೆ ಬಾರದ ವಿದ್ಯೆಯೇನಲ್ಲ. ದೇಶದೊಳಗಿನ ವಿಮಾನದಲ್ಲಿ ಸಿಖ್ಖರು ಧರಿಸುವ ಕೃಪಾಣದ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು ಎಂದು ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆ 2022ರಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟಿದೆ. ಹೊತ್ತವರಿಗೂ ಗೊತ್ತು, ತಪಾಸಣೆಯವರಿಗೂ ಗೊತ್ತು. ಆಕಾಶದಲ್ಲಿ ಸಾಧ್ಯವಾದದ್ದು ಹುಣಸೂರು ರಸ್ತೆಯಲ್ಲಿ ಏಕೆ ಸಾಧ್ಯವಾಗಬಾರದು?

ರಾಜ್ಯದ ಗೃಹ ಇಲಾಖೆಯೂ ಮೈಸೂರು ನಗರ ಪೊಲೀಸ್ ಕಮಿಷನರೇಟೂ ಈ ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಹಾಳೆ, ಸರಳ ಕನ್ನಡ, ನಾಲ್ಕು ಚಿತ್ರ: ಯಾವುದು ಸಲಕರಣೆ, ಯಾವುದು ಆಯುಧ, ಎಲ್ಲಿ ಒಯ್ಯಬಾರದು, ಪೊಲೀಸರು ಕೇಳಿದರೆ ಏನು ಹೇಳಬೇಕು. ಅದು ಪ್ರತಿ ಠಾಣೆಯ ಗೋಡೆಯಲ್ಲಿರಲಿ, ಹಾರ್ಡ್‌ವೇರ್ ಅಂಗಡಿಗಳಲ್ಲಿರಲಿ, ಐಟಿಐ ಕಾಲೇಜುಗಳಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಓದುವ ಹುಡುಗರ ಕೈಗೆ ಸಿಗಲಿ. ಗಸ್ತಿನ ಸಿಬ್ಬಂದಿಗೆ ತರಬೇತಿಯಲ್ಲಿ ಅದನ್ನು ಓದಿ ಹೇಳಲಿ. ಕಾಯ್ದೆಯ ವ್ಯಾಖ್ಯೆ ಆಗಲೇ ಇದೆ, ನಿಯಮಗಳ ಅನುಸೂಚಿ ಆಗಲೇ ಇದೆ. ಇದಕ್ಕೆ ವಿಧಾನಸಭೆಯಲ್ಲಿ ಹೊಸ ಮಸೂದೆ ಮಂಡಿಸಬೇಕಾಗಿಲ್ಲ, ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು.